ಯಾರು ಸೇರಿದ್ದು?

14 ನವೆಂಬರ್ 2024, ಗುರುವಾರ
ಯೊಕೊಹಾಮಾ

ಬೆಳಿಗ್ಗೆ ಕಸದ ಚೀಲ ಇಡಲು ಕೆಳಗಿಳಿದಾಗ ಎದುರುಮನೆಯ ಅಜ್ಜಿ ಸಿಕ್ಕಿ, ತಲೆ ತಗ್ಗಿಸಿ, "ಕಿನೋ, ನ್ಯೂಯಿನ್ ಶಿಮಾಶಿತಾ" ಎಂದರು. ನಿನ್ನೆ ಆಸ್ಪತ್ರೆಗೆ ದಾಖಲಾದ ಸುದ್ದಿ ಅದು. ದಾಖಲಾದವರು ಯಾರೆಂಬುದು ಮಾತ್ರ ಆ ವಾಕ್ಯದಲ್ಲಿ ಎಲ್ಲಿಯೂ ಇರಲಿಲ್ಲ. ಬೇಗ ಗುಣವಾಗಲಿ ಎಂಬರ್ಥದ "ಓದೈಜಿನಿ" ಹೇಳಿ ಬಾಗಿ ಬಂದುಬಿಟ್ಟೆ. ಆ ಮಾತಿಗೂ ಕರ್ತೃಪದದ ಗೊಡವೆಯಿಲ್ಲವಾದ್ದರಿಂದ ನನ್ನ ಅಜ್ಞಾನ ಬಯಲಾಗಲಿಲ್ಲ.

ಸಂಜೆ ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, "ಯಾರು ಸೇರಿದ್ದು ಅಂತ ಕೇಳದೆ ಬಂದೆಯೇನೋ?" ಎಂದು ಗದರಿದರು.

ಕನ್ನಡದಲ್ಲಿಯೂ ನಾವು 'ನಾನು', 'ಅವರು' ಎಂಬುದನ್ನು ಧಾರಾಳವಾಗಿ ಬಿಡುತ್ತೇವೆ. ಆದರೆ ಸೇರಿದೆ, ಸೇರಿದಳು, ಸೇರಿದರು ಎಂದು ಕ್ರಿಯಾಪದದ ಬಾಲವೇ ಆಳನ್ನು ತೋರಿಸಿಕೊಡುತ್ತದೆ. 'ಶಿಮಾಶಿತಾ'ಕ್ಕೆ ಅಂಥ ಬಾಲವಿಲ್ಲ. ನಾನಾದರೂ ನೀವಾದರೂ ಅವರೆಲ್ಲರಾದರೂ ರೂಪ ಒಂದೇ. ಹಾಗೆಂದು ಸುಳಿವೇ ಇಲ್ಲವೆಂದಲ್ಲ. ಪರರ ಮನೆಯ ಹಿರಿಯರಾಗಿದ್ದರೆ ಅಜ್ಜಿ 'ನಸಾಯಿಮಾಶಿತಾ' ಎಂಬ ಗೌರವರೂಪ ಬಳಸುತ್ತಿದ್ದರು; ಹೊರಗಿನವರೆದುರು ತಮ್ಮವರಿಗೆ, ಅವರು ಎಷ್ಟೇ ಹಿರಿಯರಾಗಿರಲಿ, ಆ ರೂಪ ಸಲ್ಲದು. 'ನಮ್ಮ ತಂದೆಯವರು ಬಂದರು' ಎಂದು ಹೇಳಿ ಬೆಳೆದ ನನಗೆ ಇದು ಇಂದಿಗೂ ಒಗ್ಗಿಲ್ಲ. ಅಂತೂ, ಸೇರಿದವರು ಅಜ್ಜಿಯ ಮನೆಯವರೇ ಇರಬೇಕು. ಯಜಮಾನರೋ, ಆಗಾಗ ಬಂದಿರುವ ತಂಗಿಯೋ? ಅವರ ಮುದಿ ಬೆಕ್ಕೂ ಆಗಿರಬಹುದು, ಏಕೆಂದರೆ ಇಲ್ಲಿ ಬೆಕ್ಕಿನ ವಿಷಯದಲ್ಲಿಯೂ 'ನ್ಯೂಯಿನ್' ಎಂದೇ ಹೇಳುತ್ತಾರೆ.

ಗಣಿತದ ಮೇಷ್ಟರಾಗಿದ್ದ ಮಿಕಾಮಿ ಅಕಿರಾ ಅವರು ಜಪಾನೀ ವ್ಯಾಕರಣದಿಂದ ಕರ್ತೃವೆಂಬ ಪರಿಕಲ್ಪನೆಯನ್ನೇ ಕೈಬಿಡಬೇಕೆಂದು ವಾದಿಸಿದವರು. ಅವರ 1960ರ ಪುಸ್ತಕದ ಹೆಸರೇ ಒಂದು ವಾಕ್ಯ: 'ಜೋ ವಾ ಹಾನಾ ಗಾ ನಗಾಯಿ'. 'ಜೋ' ಎಂದರೆ ಆನೆ, 'ಹಾನಾ' ಎಂದರೆ ಮೂಗು, 'ನಗಾಯಿ' ಎಂದರೆ ಉದ್ದ. 'ವಾ' ಆನೆಯ ಪ್ರಸ್ತಾಪವನ್ನು ಮುಂದಿಡುತ್ತದೆ, 'ಗಾ' ಉದ್ದವಾಗಿರುವುದು ಯಾವುದೆಂದು ತಿಳಿಸುತ್ತದೆ. ಇದರಲ್ಲಿ ಎರಡು ಕರ್ತೃಗಳಿವೆಯೇ ಎಂದು ತಲೆಕೆಡಿಸಿಕೊಂಡವರು ಬಹಳ. 'ಆನೆಗೆ ಸೊಂಡಿಲು ಉದ್ದ', 'ನನಗೆ ಹಸಿವಾಗಿದೆ' ಎನ್ನುವ ನಮಗೆ ಅದು ಅಷ್ಟೇನೂ ವಿಚಿತ್ರವಲ್ಲ. ನನಗೆ ಕಷ್ಟವಾಗುವುದು ಹೇಳಿದ್ದರಲ್ಲಿ ಅಲ್ಲ, ಹೇಳದೆ ಬಿಟ್ಟದ್ದರಲ್ಲಿ.

ಎದುರುಮನೆಯಲ್ಲಿ ಈಗಷ್ಟೇ ದೀಪ ಹೊತ್ತಿತು. ನಾಳೆ 'ಹೇಗಿದ್ದಾರೆ' ಎಂದು ವಿಚಾರಿಸಬೇಕು. ಆದರೆ 'ಇಕಾಗಾ ದೆಸು ಕಾ' ಎಂದರೆ ಅದರಲ್ಲಿ ನಮ್ಮ 'ದ್ದಾರೆ' ಕೂಡ ಇಲ್ಲ. ಅವರು 'ಪರವಾಗಿಲ್ಲ' ಎಂದಷ್ಟೇ ಉತ್ತರಿಸಿದರೆ