ಹೊಟ್ಟೆಗೆ ಹಾಕಿಕೊಂಡಿದ್ದು

ಇವತ್ತಿನ ಪದಬಂಧದಲ್ಲಿ ಒಂದು ಸುಳಿವು. 'ಹೊಟ್ಟೆಗೆ ಹಾಕಿಕೊಂಡರೂ ಹಸಿವು ಹೋಗದು (2)'.

ಮೇಲಿನಿಂದ ಕೆಳಗೆ ಬಂದ ಪದದಿಂದ 'ಪ್ಪು' ಆಗಲೇ ಸಿಕ್ಕಿತ್ತು. ಸೊಪ್ಪು ಹಾಕಿದರೆ ಹಸಿವು ಹೋಗುತ್ತೆ. ಹಾಗಾಗಿ "ಉಪ್ಪು" ಅಂದೆ ಜೋರಾಗಿ.

ಒಗ್ಗರಣೆ ಹಾಕುತ್ತಿದ್ದ ಅಮ್ಮ ಒಳಗಿನಿಂದಲೇ "ತಪ್ಪು" ಅಂದರು.

"ಸರಿ, ಮತ್ತಿನ್ನೇನು?"

"ಅದೇ ಕಣೋ, ತಪ್ಪು!"

ಅರ್ಥವಾಗೋಕೆ ಸ್ವಲ್ಪ ಹೊತ್ತೇ ಹಿಡೀತು. 'ಮಕ್ಕಳು, ಏನೋ ಮಾಡಿಬಿಟ್ಟಿದ್ದಾರೆ, ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ' ಅಂತ ಎಷ್ಟು ಮದುವೆ ಮನೆಗಳಲ್ಲಿ ಕೇಳಿಲ್ಲ ಹೇಳಿ. ಆಗೆಲ್ಲ ಹೊಟ್ಟೆ ಕಣ್ಣಿಗೇ ಬಿದ್ದಿರಲಿಲ್ಲ. ದಿನಾ ತಲೆ ತಿನ್ನುತ್ತೇವೆ, ಟೋಪಿ ಹಾಕಿಸಿಕೊಳ್ಳುತ್ತೇವೆ, ಆಫೀಸಲ್ಲಿ ಮಂಗಳಾರತಿ ಮಾಡಿಸಿಕೊಂಡು ಬರುತ್ತೇವೆ. ತಟ್ಟೆ, ಕರ್ಪೂರ ಏನೂ ನೆನಪಾಗೋದಿಲ್ಲ. ಪದಬಂಧ ಮಾಡುವವರಿಗೆ ಮಾತ್ರ ಅದು ನಿಜಕ್ಕೂ ಕಾಣಿಸುತ್ತೇನೋ.

1913ರ ಡಿಸೆಂಬರ್‌ನಲ್ಲಿ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಗೆ ಆರ್ಥರ್ ವಿನ್ ಮೊದಲ ಪದಬಂಧ ಮಾಡಿದಾಗ ಸುಳಿವುಗಳು ಹೆಚ್ಚಾಗಿ ನೇರ ಅರ್ಥದವೇ. ಈ ಕುಚೇಷ್ಟೆ ಎಲ್ಲ ಆಮೇಲೆ ಬಂದಿದ್ದು. ನಮ್ಮಲ್ಲಿ ಒಂದು ಅನುಕೂಲ ಜಾಸ್ತಿ, ಒತ್ತು, ದೀರ್ಘ ಎಲ್ಲ ಸೇರಿ ಒಂದೇ ಮನೆಯಲ್ಲಿ ಕೂರುತ್ತೆ. ಇಂಗ್ಲಿಷಲ್ಲಾದರೆ ಒಂದೊಂದು ಅಕ್ಷರಕ್ಕೂ ಒಂದೊಂದು ಮನೆ.

ನನಗೂ ಈಗ ಹುಚ್ಚು ಹಿಡಿದಿದೆ. ಮಧ್ಯಾಹ್ನ ಊಟದ ಹೊತ್ತಲ್ಲಿ ಒಂದು ಹೊಸೆದೆ.

'ಕಿವಿ ಮೇಲೆ ಬೇರೆಯವರು ಇಟ್ಟರೆ ಪರಿಮಳ ಬಾರದು (2)'.

ಸುಲಭ ಇದೆ ಅಲ್ವಾ? ಗೊತ್ತಾದವರು ಕಮೆಂಟಲ್ಲಿ ಹೇಳಿ. ಅಮ್ಮನ್ನ ಮಾತ್ರ ಕೇಳೋ ಹಾಗಿಲ್ಲ.