ಹಡಗಿನ ಸ್ಲಾಟ್ ಯಂತ್ರವನ್ನು ಒಳಗಿನಿಂದ ‘ಬಿಗಿ’ ಮಾಡುತ್ತಾರೆಯೇ?

ಸಿಂಗಪುರದಿಂದ ಕ್ರೂಸ್ ಹೋಗಿಬಂದ ಬೆಂಗಳೂರಿನವರು, ಮಯಾಮಿಯಿಂದ ಕೆರಿಬಿಯನ್ ದ್ವೀಪಗಳನ್ನು ಸುತ್ತಿಬಂದ ಅಮೆರಿಕದ ನೆಂಟರು, ಗೋವಾದ ಮಾಂಡೋವಿ ನದಿಯಲ್ಲಿ ಲಂಗರು ಹಾಕಿರುವ ಕ್ಯಾಸಿನೊ ಹಡಗುಗಳನ್ನು ಹತ್ತಿಳಿದ ನಮ್ಮ ಕರಾವಳಿಯ ಸ್ನೇಹಿತರು, ಇವರಿಗೆಲ್ಲ ನಾನು ಹಿಂದೆ ಹಡಗಿನ ಕ್ಯಾಸಿನೊದಲ್ಲಿ ಸ್ಲಾಟ್ ತಂತ್ರಜ್ಞನಾಗಿದ್ದೆ ಎಂದು ತಿಳಿದ ಕೂಡಲೇ ಬಾಯಿಗೆ ಬರುವ ಪ್ರಶ್ನೆ ಒಂದೇ. ನಡುಸಮುದ್ರದಲ್ಲಿ ಕೇಳುವವರು ಯಾರೂ ಇಲ್ಲದಿರುವಾಗ ಮ್ಯಾನೇಜರು ಕಚೇರಿಯಲ್ಲಿ ಕುಳಿತೇ ಯಂತ್ರಗಳನ್ನು ಬಿಗಿ ಮಾಡುತ್ತಾನಂತೆ, ಅಂದರೆ ಕಡಿಮೆ ಹಣ ಕೊಡುವಂತೆ ತಿರುಚುತ್ತಾನಂತೆ, ಕೊನೆಯ ರಾತ್ರಿ ಮಾತ್ರ ಸ್ವಲ್ಪ ಸಡಿಲ ಬಿಡುತ್ತಾನಂತೆ, ನಿಜವೇ? ಇದಕ್ಕೆ ಬಾಲದಂತೆ ಇನ್ನೊಂದು ಪ್ರಶ್ನೆಯೂ ಇರುತ್ತದೆ: ಹಾಗಾದರೆ ಯಾವ ಯಂತ್ರದ ಮುಂದೆ ಕೂರಬೇಕು?

ಯಾರು ಗೆಲ್ಲಬೇಕು, ಯಾವಾಗ ಗೆಲ್ಲಬೇಕು ಎಂಬುದನ್ನು ಹಡಗಿನಲ್ಲಿ ಯಾರೂ ನಿರ್ಧರಿಸುವುದಿಲ್ಲ. ನಿರ್ಧರಿಸುವ ಅಗತ್ಯವೂ ಅವರಿಗಿಲ್ಲ. ಸರಾಸರಿಯಾಗಿ ಕ್ಯಾಸಿನೊಗೆ ಎಷ್ಟು ಉಳಿಯಬೇಕು ಎಂಬುದು ಆ ಯಂತ್ರದ ಪ್ರೋಗ್ರಾಮಿನಲ್ಲಿ ಮೊದಲೇ ಇರುತ್ತದೆ, ಮತ್ತು ಆ ಸರಾಸರಿ ಹಡಗಿನಲ್ಲಿ ಆಟಗಾರನಿಗೆ ಅನುಕೂಲವಾಗಿರಲು ಕಾರಣವೇ ಇಲ್ಲ.

ಈಗಿನ ಸ್ಲಾಟ್ ಯಂತ್ರವೆಂದರೆ ಚೆಂದದ ಪೆಟ್ಟಿಗೆಯೊಳಗಿನ ಒಂದು ಕಂಪ್ಯೂಟರ್. ಅದರಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ಉತ್ಪಾದಿಸುವ ಪ್ರೋಗ್ರಾಮ್ ಒಂದಿದೆ. ನಾವು ಅದನ್ನು ಆರ್‌ಎನ್‌ಜಿ ಎನ್ನುತ್ತೇವೆ. ಯಂತ್ರದ ಮುಂದಿನ ಕುರ್ಚಿ ಖಾಲಿಯಿದ್ದರೂ ಅದು ಎಡೆಬಿಡದೆ ಸಂಖ್ಯೆಗಳನ್ನು ಹೊರಹಾಕುತ್ತಲೇ ಇರುತ್ತದೆ. ನೀವು ಬಟನ್ ಒತ್ತಿದ ಕ್ಷಣದಲ್ಲಿ ಯಾವ ಸಂಖ್ಯೆಗಳು ಸಿಕ್ಕಿದವೋ ಅವುಗಳ ಮೇಲೆ ಫಲಿತಾಂಶ ಅಲ್ಲಿಗೇ ಮುಗಿದುಹೋಗಿರುತ್ತದೆ, ಆಮೇಲೆ ಕಾಣುವ ತಿರುಗಾಟ, ಸಂಗೀತ, ಚಿಹ್ನೆಗಳಿರುವ ಕೊನೆಯ ತಿರುಗುಚಕ್ರ, ಅಂದರೆ ರೀಲು, ನಿಧಾನವಾಗಿ ನಿಲ್ಲುವ ನಾಟಕ ಎಲ್ಲವೂ ಮುಗಿದ ತೀರ್ಪನ್ನು ಓದಿಹೇಳುವ ಕ್ರಮವಷ್ಟೇ. ಆದ್ದರಿಂದ ನೀವು ಎದ್ದುಹೋದ ಮರುನಿಮಿಷ ಬೇರೊಬ್ಬರು ಅದೇ ಕುರ್ಚಿಯಲ್ಲಿ ಜಾಕ್‌ಪಾಟ್ ಹೊಡೆದರೆ, ಅದು ನಿಮ್ಮ ಕೈತಪ್ಪಿದ ಹಣವಲ್ಲ; ನೀವು ಅಲ್ಲೇ ಕುಳಿತಿದ್ದರೂ ಅವರು ಒತ್ತಿದ ಆ ಕ್ಷಣದಲ್ಲೇ ಒತ್ತುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಹಿಂದಿನ ನೂರು ಆಟಗಳಲ್ಲಿ ಏನಾಯಿತು ಎಂಬುದೂ ಮುಂದಿನ ಆಟಕ್ಕೆ ಸಂಬಂಧಿಸಿದ್ದಲ್ಲ. ಬಹಳ ಹೊತ್ತಿನಿಂದ ಕೊಟ್ಟಿಲ್ಲ, ಇನ್ನೇನು ಕೊಡಲೇಬೇಕು ಎಂಬ ಲೆಕ್ಕ ಆಡುವವರ ತಲೆಯಲ್ಲಿದೆಯೇ ಹೊರತು ಯಂತ್ರದಲ್ಲಿಲ್ಲ.

ಹಡಗು ವಾಲಿದಾಗ ರೀಲು ಜಾರುವುದಿಲ್ಲವೇ ಎಂದು ಕೇಳುವವರೂ ಇದ್ದಾರೆ. ನಿಜವಾದ ರೀಲುಗಳಿರುವ ಯಂತ್ರದ ಬಾಗಿಲು ತೆರೆದರೆ ಪ್ರತಿ ರೀಲಿನ ಹಿಂದೆ ಒಂದು ಸ್ಟೆಪ್ಪರ್ ಮೋಟಾರು, ಪಕ್ಕದಲ್ಲಿ ಬೆಳಕಿನ ಕಿರಣದಿಂದ ಕೆಲಸ ಮಾಡುವ ಪುಟ್ಟ ಸೆನ್ಸರು ಕಾಣಿಸುತ್ತವೆ. ರೀಲಿನ ಅಂಚಿನಲ್ಲಿರುವ ಚಿಕ್ಕ ಪಟ್ಟಿಯೊಂದು ಆ ಕಿರಣವನ್ನು ಹಾದುಹೋಗುವಾಗ ರೀಲು ಈಗ ಎಲ್ಲಿದೆ ಎಂಬುದು ಕಂಪ್ಯೂಟರಿಗೆ ತಿಳಿಯುತ್ತದೆ, ಮತ್ತು ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಮೋಟಾರು ಅದನ್ನು ಎಣಿಸಿದ ಹೆಜ್ಜೆಗಳಲ್ಲಿ ತಂದು ನಿಲ್ಲಿಸುತ್ತದೆ. ಯಾರಾದರೂ ಕೈಯಿಂದ ರೀಲನ್ನು ಅಲುಗಿಸಿದರೆ ಅಥವಾ ಅದು ಸಿಕ್ಕಿಹಾಕಿಕೊಂಡರೆ ಯಂತ್ರ ‘ರೀಲ್ ಟಿಲ್ಟ್’ ಎಂದು ದೋಷ ತೋರಿಸಿ ಆಟವನ್ನೇ ನಿಲ್ಲಿಸುತ್ತದೆ. ಅಲೆಗೆ ನಿಜವಾಗಿ ಮಣಿಯುವುದು ನಾಣ್ಯಗಳನ್ನು ತಳ್ಳುವ ಪುಷರ್ ಯಂತ್ರ ಮಾತ್ರ.

ಜಾಣತನವಿರುವುದು ಬೇರೆ ಕಡೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಚಾರ್ಲ್ಸ್ ಫೇ ತಯಾರಿಸಿದ ‘ಲಿಬರ್ಟಿ ಬೆಲ್’ ಯಂತ್ರದಲ್ಲಿ ಮೂರು ರೀಲು, ಪ್ರತಿಯೊಂದರಲ್ಲೂ ಹತ್ತು ಚಿಹ್ನೆ. ಒಟ್ಟು 1,000 ಜೋಡಣೆಗಳು. ದೊಡ್ಡ ಬಹುಮಾನ ಇಡಬೇಕಾದರೆ ಅದು ಅಪರೂಪವಾಗಬೇಕು, ಅಪರೂಪವಾಗಬೇಕಾದರೆ ರೀಲು ದೊಡ್ಡದಾಗಬೇಕು, ಆದರೆ ದೊಡ್ಡ ರೀಲನ್ನು ನೋಡಿದ ಆಟಗಾರ ಹತ್ತಿರ ಸುಳಿಯುವುದಿಲ್ಲ. ಈ ಇಕ್ಕಟ್ಟಿಗೆ ಇಂಗೆ ಟೆಲ್ನೆಸ್ ಎಂಬ ಎಂಜಿನಿಯರ್ ದಾರಿ ಕಂಡುಹಿಡಿದು 1984ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಕಣ್ಣಿಗೆ ಕಾಣುವ ರೀಲಿನಲ್ಲಿ 22 ನಿಲುಗಡೆಗಳಿದ್ದರೂ ಕಂಪ್ಯೂಟರಿನ ಸ್ಮೃತಿಯಲ್ಲಿ ಅದೇ ರೀಲಿಗೆ 64 ಅಥವಾ ಅದಕ್ಕೂ ಹೆಚ್ಚು ಕಾಲ್ಪನಿಕ ನಿಲುಗಡೆಗಳಿರಬಹುದು, ಹಲವು ಕಾಲ್ಪನಿಕ ನಿಲುಗಡೆಗಳು ಒಂದೇ ನಿಜವಾದ ನಿಲುಗಡೆಗೆ ಹೊಂದಿಕೊಂಡಿರಬಹುದು. ಮೂರು ರೀಲುಗಳಲ್ಲಿ ಪ್ರತಿಯೊಂದರಲ್ಲೂ ಜಾಕ್‌ಪಾಟ್ ಚಿಹ್ನೆ ಒಂದೇ ಇದ್ದರೆ, ಕಣ್ಣಿನ ಲೆಕ್ಕದಲ್ಲಿ ಅದು ಬೀಳುವ ಸಾಧ್ಯತೆ 10,648ಕ್ಕೆ ಒಂದು. 64 ನಿಲುಗಡೆಗಳ ಲೆಕ್ಕದಲ್ಲಿ ಅದು 2,62,144ಕ್ಕೆ ಒಂದು. ಇಷ್ಟೇ ಅಲ್ಲ, ಜಾಕ್‌ಪಾಟ್ ಚಿಹ್ನೆಯ ಮೇಲೆ ಮತ್ತು ಕೆಳಗೆ ಇರುವ ಖಾಲಿ ಜಾಗಗಳಿಗೆ ಹೆಚ್ಚು ಕಾಲ್ಪನಿಕ ನಿಲುಗಡೆಗಳನ್ನು ಹಂಚಿದರೆ ಆ ಚಿಹ್ನೆ ಮತ್ತೆ ಮತ್ತೆ ಗೆಲುವಿನ ಸಾಲಿಗೆ ಒಂದು ಕೂದಲೆಳೆಯಷ್ಟು ಆಚೀಚೆ ಬಂದು ನಿಲ್ಲುತ್ತದೆ. ‘ಇನ್ನೇನು ಬಿದ್ದೇಬಿಟ್ಟಿತ್ತು’ ಎಂದು ಜನ ನನ್ನ ಹತ್ತಿರ ಹೇಳಿಕೊಂಡಿರುವುದಕ್ಕೆ ಲೆಕ್ಕವಿಲ್ಲ. ಅದು ಬೀಳುವುದರಲ್ಲಿರಲಿಲ್ಲ, ಹಾಗೆ ಕಾಣುವಂತೆ ರೀಲನ್ನು ರೂಪಿಸಲಾಗಿತ್ತು. ಇದು ಕಾನೂನುಬದ್ಧ ಎಂಬುದು ನನಗೆ ಈಗಲೂ ಸ್ವಲ್ಪ ಇರುಸುಮುರುಸಿನ ಸಂಗತಿ. ಸೋತ ಫಲಿತಾಂಶ ಬಂದ ಮೇಲೆ ಬೇಕೆಂದೇ ‘ಹತ್ತಿರದ ಸೋಲನ್ನು’ ಆಯ್ದು ತೋರಿಸುವ ಬೇರೊಂದು ವಿಧಾನವನ್ನು ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ನಿಯಂತ್ರಕರು 1980ರ ದಶಕದ ಕೊನೆಯಲ್ಲಿ ನಿಷೇಧಿಸಿದರು, ಆದರೆ ಕಾಲ್ಪನಿಕ ರೀಲನ್ನು ಹಾಗೆಯೇ ಬಿಟ್ಟರು.

ಇನ್ನು ‘ಬಿಗಿ’ಯ ವಿಷಯ. ಒಂದೇ ಆಟವನ್ನು, ಒಂದೇ ಚಿತ್ರ ಮತ್ತು ಒಂದೇ ಸಂಗೀತದೊಂದಿಗೆ, ತಯಾರಕರು ಹಲವು ಪೇಬ್ಯಾಕ್ ದರಗಳಲ್ಲಿ, ಅಂದರೆ ಹಾಕಿದ ಹಣದಲ್ಲಿ ಸರಾಸರಿ ಎಷ್ಟು ಪಾಲು ಆಟಗಾರರಿಗೆ ವಾಪಸ್ಸು ಬರುತ್ತದೆ ಎಂಬ ದರಗಳಲ್ಲಿ, ಕೊಡುತ್ತಾರೆ. ಒಂದರಲ್ಲಿ ಶೇ 88, ಇನ್ನೊಂದರಲ್ಲಿ ಶೇ 94 ಇರಬಹುದು. ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ಕ್ಯಾಸಿನೊ ನಡೆಸುವವರು ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ, ಅವರ ಕೈಯಲ್ಲಿರುವುದು ಇಷ್ಟೇ. ಪ್ರೋಗ್ರಾಮ್ ಇರುವ ಲಾಜಿಕ್ ಬೋರ್ಡು ಬಾಗಿಲಿನೊಳಗೆ ಮತ್ತೊಂದು ಬೀಗವಿರುವ ಪೆಟ್ಟಿಗೆಯಲ್ಲಿ ಇರುತ್ತದೆ, ಬಾಗಿಲು ತೆರೆದದ್ದು ಮುಚ್ಚಿದ್ದು ಎಲ್ಲವೂ ವೇಳೆಯ ಸಮೇತ ದಾಖಲಾಗುತ್ತದೆ. ಒಬ್ಬ ಗಿರಾಕಿಗೆ ಬಿಗಿ, ಪಕ್ಕದವರಿಗೆ ಸಡಿಲ ಎಂಬ ತಿರುಗುಗುಂಡಿ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಹಡಗು ಬೇರೆಯಾಗುವುದು ಆ ಆಯ್ಕೆಯ ಸುತ್ತಲಿನ ಪರಿಸ್ಥಿತಿಯಲ್ಲಿ. ನೆವಾಡಾದಲ್ಲಿ ಕನಿಷ್ಠ ಪೇಬ್ಯಾಕ್ ಶೇ 75, ನ್ಯೂಜೆರ್ಸಿಯಲ್ಲಿ ಶೇ 83 ಎಂದು ನಿಯಮವಿದೆ. ನೆವಾಡಾದ ನಿಯಂತ್ರಣ ಮಂಡಳಿ ಪ್ರತಿ ತಿಂಗಳೂ ಯಂತ್ರಗಳು ಉಳಿಸಿಕೊಂಡ ಪ್ರಮಾಣವನ್ನು ಪ್ರಕಟಿಸುತ್ತದೆ. ಕ್ರೂಸ್ ಹಡಗು ಬಂದರಿನಲ್ಲಿರುವಾಗ ಸಾಮಾನ್ಯವಾಗಿ ಕ್ಯಾಸಿನೊ ಮುಚ್ಚಿರುತ್ತದೆ, ತೀರದ ದೇಶದ ಸಾಗರ ಸೀಮೆಯನ್ನು ದಾಟಿದ ಮೇಲೆ ತೆರೆಯುತ್ತದೆ. ಬಹುತೇಕ ದೇಶಗಳಿಗೆ ಆ ಸೀಮೆ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೊಮೀಟರ್. ಅಲ್ಲಿಂದಾಚೆಗೆ ಅನ್ವಯಿಸುವುದು ಹಡಗಿನ ಧ್ವಜದ ದೇಶದ ಕಾನೂನು. ಅದು ಬಹಾಮಾಸ್ ಇರಬಹುದು, ಪನಾಮಾ ಇರಬಹುದು. ಉಪಕರಣಗಳು ನೆವಾಡಾದಂತಹ ಕಡೆಯ ಮಾನದಂಡಕ್ಕೆ ತಕ್ಕಂತೆ ಇರಬೇಕೆಂದು ಕ್ರೂಸ್ ಕಂಪನಿಗಳ ಅಂತರರಾಷ್ಟ್ರೀಯ ಸಂಘವೇ ತನ್ನ ಸದಸ್ಯರಿಗೆ ಮಾರ್ಗಸೂಚಿ ಕೊಟ್ಟಿದೆ, ಆದರೆ ತಿಂಗಳ ವರದಿಯನ್ನು ಹೊರಗೆ ಹಾಕುವವರು ಯಾರೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಪೈಪೋಟಿಯಿಲ್ಲ. ಲಾಸ್ ವೇಗಸ್ಸಿನಲ್ಲಿ ಬೇಸರವಾದವನು ರಸ್ತೆ ದಾಟಿ ಎದುರಿನ ಕ್ಯಾಸಿನೊಗೆ ಹೋಗುತ್ತಾನೆ, ಹಡಗಿನಲ್ಲಿ ದಾಟಲು ರಸ್ತೆಯೆಲ್ಲಿದೆ? (ಮಾಂಡೋವಿಯ ಹಡಗುಗಳದು ಬೇರೆಯೇ ಕಥೆ: ಅವು ನಿಂತಿರುವುದು ನದಿಯಲ್ಲೇ, ಗೋವಾ ಸರ್ಕಾರದ ಪರವಾನಗಿಯ ಮೇಲೆ.)

ದರದ ಈ ಸಣ್ಣ ವ್ಯತ್ಯಾಸ ಏನು ಮಾಡುತ್ತದೆಂದು ಒಂದು ಲೆಕ್ಕದಲ್ಲಿ ನೋಡಬಹುದು. ‘ಪೆನ್ನಿ’ (ಒಂದು ಸೆಂಟಿನ) ಯಂತ್ರವೆಂದು ಹೆಸರಿದ್ದರೂ ಎಲ್ಲ ಸಾಲುಗಳನ್ನೂ ಸೇರಿಸಿ ಒಂದು ಆಟಕ್ಕೆ 50 ಸೆಂಟ್ ಹಾಕುತ್ತೀರಿ ಎಂದುಕೊಳ್ಳೋಣ. ಆರು ಸೆಕೆಂಡಿಗೊಂದು ಆಟದಂತೆ ಗಂಟೆಗೆ 600 ಆಟ, ಅಂದರೆ 300 ಡಾಲರ್ ಯಂತ್ರದ ಮೂಲಕ ಹರಿಯುತ್ತದೆ. ಶೇ 94ರ ಯಂತ್ರ ಅದರಲ್ಲಿ ಸರಾಸರಿ 18 ಡಾಲರ್ ಉಳಿಸಿಕೊಳ್ಳುತ್ತದೆ. ಶೇ 88ರದು 36 ಡಾಲರ್. ಶೇ 90 ಎಂದರೆ ನೂರು ಡಾಲರಿಗೆ ತೊಂಬತ್ತು ವಾಪಸ್ಸು ಬರುತ್ತದೆ ಎಂದು ನಂಬಿ ಕೂರುವವರು, ಆ ತೊಂಬತ್ತನ್ನೂ ಮತ್ತೆ ಆಡುತ್ತಾರೆ ಎಂಬುದನ್ನು ಮರೆಯುತ್ತಾರೆ. ಹತ್ತು ಸುತ್ತು ಹಾಗೆ ಆಡಿದರೆ ಸರಾಸರಿಯಾಗಿ ಉಳಿಯುವುದು 35 ಡಾಲರಿಗೂ ಕಡಿಮೆ. ನಡುವೆ 50 ಸೆಂಟ್ ಹಾಕಿದವನಿಗೆ 20 ಸೆಂಟ್ ಬಂದಾಗಲೂ ಯಂತ್ರ ಗಂಟೆ ಬಾರಿಸಿ ದೀಪ ಮಿನುಗಿಸುತ್ತದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಗೆಲುವಿನ ವೇಷದ ಸೋಲು ಎಂದು ಕರೆದು 2010ರಲ್ಲಿ ಅಧ್ಯಯನವನ್ನೇ ಪ್ರಕಟಿಸಿದ್ದಾರೆ. ಹಡಗಿನಲ್ಲಂತೂ ಕೋಣೆಯ ಬಾಗಿಲು ತೆಗೆಯುವ ಕಾರ್ಡೇ ಯಂತ್ರಕ್ಕೂ ಹೋಗುತ್ತದೆ, ಖರ್ಚು ಊಟ–ಪಾನೀಯಗಳ ಬಿಲ್ಲಿನ ಜೊತೆ ಸೇರಿಕೊಳ್ಳುತ್ತದೆ. ನೋಟು ಎಣಿಸುವ ಕಷ್ಟವಿಲ್ಲ.

ಮೋಸ ನಡೆದೇ ಇಲ್ಲವೆಂದು ನಾನು ಹೇಳುವುದಿಲ್ಲ. 1980ರ ದಶಕದಲ್ಲಿ ನೆವಾಡಾದ ಅಮೆರಿಕನ್ ಕಾಯಿನ್ ಎಂಬ ಕಂಪನಿ ದೊಡ್ಡ ಬಹುಮಾನಗಳೇ ಬೀಳದಂತೆ ವಿಡಿಯೊ ಪೋಕರ್ ಯಂತ್ರಗಳ ಪ್ರೋಗ್ರಾಮ್ ತಿದ್ದಿ ಸಿಕ್ಕಿಬಿದ್ದು ಪರವಾನಗಿ ಕಳೆದುಕೊಂಡಿತು. 1990ರ ದಶಕದಲ್ಲಿ ಯಂತ್ರಗಳನ್ನು ಪರೀಕ್ಷಿಸಬೇಕಾದ ನಿಯಂತ್ರಣ ಮಂಡಳಿಯ ನೌಕರನೇ ಪರೀಕ್ಷಾ ಪ್ರೋಗ್ರಾಮಿನಲ್ಲಿ ತನ್ನ ಕೋಡ್ ಸೇರಿಸಿ ಗೆಲುವು ಕದ್ದ. ಎರಡನ್ನೂ ಬಯಲಿಗೆ ತಂದದ್ದು ತನಿಖೆ ಮಾಡುವ ಅಧಿಕಾರವಿದ್ದ ವ್ಯವಸ್ಥೆ. ಹಡಗಿನಲ್ಲಿ ದೂರು ಮೊದಲು ಹೋಗುವುದು ಕ್ಯಾಸಿನೊ ಮ್ಯಾನೇಜರಿನ ಬಳಿಗೇ, ನನ್ನ ಅನುಮಾನವೇನಿದ್ದರೂ ಅದು ಅಲ್ಲಿದೆ.

ಯಾವ ಯಂತ್ರದ ಮುಂದೆ ಕೂರಬೇಕು ಎಂಬುದಕ್ಕೆ ನನ್ನಲ್ಲಿ ಗುಟ್ಟಿಲ್ಲ. ಸಹಾಯದ ಪರದೆಯಲ್ಲಿ ಒಂದು ಆಟಕ್ಕೆ ಕನಿಷ್ಠ ಎಷ್ಟು ತೆರಬೇಕೆಂದು ನೋಡಿಕೊಳ್ಳಿ, ನಿಧಾನವಾಗಿ ಆಡಿ, ಅಷ್ಟೇ. ಬಂದ ಮೊತ್ತ ತಪ್ಪೆನಿಸಿದರೆ ಮಾತ್ರ ಮತ್ತೆ ಬಟನ್ ಒತ್ತಬೇಡಿ, ಕಾರ್ಡನ್ನೂ ತೆಗೆಯಬೇಡಿ, ಸಿಬ್ಬಂದಿಯನ್ನು ಕರೆಯಿರಿ. ತಂತ್ರಜ್ಞ ಬಂದು ಬಾಗಿಲು ತೆರೆದು ಕೀಲಿ ತಿರುಗಿಸಿದರೆ ಯಂತ್ರ ತನ್ನ ಕೊನೆಯ ಕೆಲವು ಆಟಗಳನ್ನು ಒಂದೊಂದಾಗಿ ಮತ್ತೆ ತೋರಿಸುತ್ತದೆ: ಹಾಕಿದ್ದೆಷ್ಟು, ನಿಂತ ಚಿಹ್ನೆಗಳು ಯಾವುವು, ಕೊಟ್ಟದ್ದೆಷ್ಟು. ಆ ಪರದೆಯನ್ನು ನಿಮಗೂ ತೋರಿಸುವಂತೆ ಕೇಳಿ, ಕೇಳಿದವರಿಗೆ ನಾನು ತೋರಿಸುತ್ತಿದ್ದೆ.