ದಪ್ಪತಲೆ ನೊಣ: ಫೋಟೋದಲ್ಲಿ ಹಿಂಗಾಲು ಕಾಣಿಸಲಿ

ಲಾಲ್‌ಬಾಗ್, ತುರಹಳ್ಳಿ ಕಡೆ ಹೂವಿನ ಮೇಲೆ ತೆಗೆದು 'ಕಣಜ' ಅಂತ ಹಾಕುವ ಫೋಟೋಗಳಲ್ಲಿ ಕೆಲವು ಕಣಜವೇ ಅಲ್ಲ. ರೆಕ್ಕೆ ಒಂದೇ ಜೊತೆ ಇದ್ದರೆ ಅದು ನೊಣ. ಸೊಂಟ ಸಣ್ಣ, ತಲೆ ದಪ್ಪ, ಮೀಸೆ ಉದ್ದ ಇದ್ದರೆ ದಪ್ಪತಲೆ ನೊಣ ಇರಬಹುದು. ಇರಬಹುದು ಅಷ್ಟೇ, ಯಾಕಂದ್ರೆ ಕಣಜದ ವೇಷ ಹಾಕುವ ಸಿರ್ಫಿಡ್ ನೊಣಗಳೂ ಇವೆ; ಅವುಗಳ ರೆಕ್ಕೆ ಮಧ್ಯೆ ಯಾವುದಕ್ಕೂ ಸರಿಯಾಗಿ ಸೇರದ ಒಂದು ಸುಳ್ಳು ನರ ಇರುತ್ತದೆ, ಜೂಮ್ ಮಾಡಿ ಹುಡುಕಿ.

ನಿಜವಾದ ತಲೆನೋವು ದಪ್ಪತಲೆ ನೊಣಗಳದ್ದೇ ಎರಡು ಕುಲ, ಕೊನೋಪ್ಸ್ ಮತ್ತು ಫೈಸೊಸೆಫಲ. ಎರಡಕ್ಕೂ ಅದೇ ಉದ್ದ ಮೀಸೆ, ಅದೇ ಉದ್ದ ಸೊಂಡಿಲು. ಬಣ್ಣ ನೋಡಿ ತೀರ್ಮಾನ ಮಾಡ್ಬೇಡಿ, ಹಿಂಗಾಲಿನ ತೊಡೆ ನೋಡಿ. ಫೈಸೊಸೆಫಲದಲ್ಲಿ ಅದು ಬುಡದ ಕಡೆ ಊದಿಕೊಂಡು ಮಂಡಿ ಹತ್ತಿರ ತಟ್ಟನೆ ಸಣ್ಣಗಾಗುತ್ತದೆ, ಥೇಟ್ ಕೋಳಿ ಕಾಲು. ಕೊನೋಪ್ಸ್‌ನಲ್ಲಿ ಈ ಉಬ್ಬು ಇಲ್ಲ. ಮೀಸೆ ಗಿಡ್ಡ ಇದ್ದು ಸೊಂಡಿಲು ಮಧ್ಯೆ ಮಡಚಿದ್ದರೆ ದಪ್ಪತಲೆ ನೊಣಗಳದ್ದೇ ಇನ್ನೊಂದು ಗುಂಪು ಮಯೋಪ, ಅದರ ಕಡೆ ನೋಡಿ.

ಹೆಣ್ಣು ದಪ್ಪತಲೆ ನೊಣದ ಹೊಟ್ಟೆ ಕೆಳಗೆ ಒಂದು ಗಟ್ಟಿ ಚಾಚು ಇರುತ್ತದೆ. ಹಾರುವ ಜೇನನ್ನೋ ಕಣಜವನ್ನೋ ಹಿಡಿದು, ಅದರ ಹೊಟ್ಟೆಯ ಪದರ ಬಿಡಿಸಿ ಮೊಟ್ಟೆ ತುರುಕಲು ಇದೇ ಸಾಧನ. ಮರಿ ಒಳಗೇ ತಿಂದು ಬೆಳೆದು, ಅಲ್ಲೇ ಕೋಶ ಆಗುತ್ತದೆ. ಭಯಂಕರ ಅಲ್ವಾ?

ಜಾತಿಯ ಹೆಸರಿಗೆ ಸುಮ್ನೆ ಹಟ ಬೇಡ. ಮೇಲಿಂದ ತೆಗೆದ ಒಂದೇ ಫೋಟೋ ಇದ್ದರೆ ಕುಲಕ್ಕೇ ನಿಲ್ಲಿಸಿ. ಮುಂದಿನ ಸಲ ಪಕ್ಕದಿಂದ ಒಂದು, ಮುಖ ನೇರಕ್ಕೆ ಒಂದು, ರೆಕ್ಕೆಯ ಕಪ್ಪು ಪಟ್ಟೆ ಕಾಣುವಂತೆ ಇನ್ನೊಂದು ತೆಗೀರಿ.